“ಅಣ್ಣಾ, ಮನಸ್ಸನ್ನೂ ಬ್ಯಾಕಪ್ ಮಾಡ್ಲಿಕ್ಕೆ ಆಗ್ತದಾ?”

ಮಂಗಳೂರಿನ ಹಂಪನಕಟ್ಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಕೆಟ್ಟ ಹಾರ್ಡ್‌ಡಿಸ್ಕ್, ನೀರಿಗೆ ಬಿದ್ದ ಫೋನು, ಕೈತಪ್ಪಿ ಡಿಲೀಟ್ ಆದ ಮದುವೆ ಫೋಟೊ, ಇಂಥವುಗಳಿಂದ ಸಿಕ್ಕಷ್ಟು ವಾಪಸ್ ತೆಗೆದುಕೊಡುವುದು ನನ್ನ ಕೆಲಸ. ಕಾಪಿ ಆಗುವವರೆಗೆ ಬಂದವರಿಗೆ ಬೇರೆ ಕೆಲಸ ಇರುವುದಿಲ್ಲ. ಸ್ಟೂಲಿನ ಮೇಲೆ ಕೂತು ಹಸಿರು ಗೆರೆ ಮುಂದೆ ಹೋಗುವುದನ್ನೇ ನೋಡುತ್ತಾರೆ, ಆಮೇಲೆ ಕೇಳುತ್ತಾರೆ: “ಅಣ್ಣಾ, ಮುಂದೆ ಮನುಷ್ಯರ ಮನಸ್ಸನ್ನೂ ಹೀಗೇ ಕಂಪ್ಯೂಟರಿಗೆ ಹಾಕ್ತಾರಂತಲ್ಲ, ಹೌದಾ? ಮತ್ತೆ ಸಾವೇ ಇಲ್ವಂತೆ?” ವಾರಕ್ಕೊಬ್ಬರಾದರೂ ಕೇಳುತ್ತಾರೆ. ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಇಪ್ಪತ್ತು ವರ್ಷದಿಂದ ಕಾಪಿ ಮಾಡುವುದೇ ನನ್ನ ಕಸುಬು, ಹಾಗಾಗಿ ಈ ಪ್ರಶ್ನೆಯ ಒಂದು ತುದಿಯಾದರೂ ನನಗೆ ಗೊತ್ತು.

ಆ ತುದಿ ಅಂದರೆ ಕಟ್-ಪೇಸ್ಟ್. ಒಂದೇ ಡ್ರೈವಿನ ಒಳಗೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಮಾಡಿದರೆ ಫೈಲು ಇದ್ದಲ್ಲೇ ಇರುತ್ತದೆ, ಅದರ ವಿಳಾಸ ಮಾತ್ರ ಬದಲಾಗುತ್ತದೆ. ಎಷ್ಟು ದೊಡ್ಡ ಸಿನಿಮಾ ಆದರೂ ಕ್ಷಣದಲ್ಲಿ ಮುಗಿಯುವುದು ಅದಕ್ಕೇ. ಅದೇ ಫೈಲನ್ನು ಪೆನ್‌ಡ್ರೈವಿಗೆ ಕಟ್-ಪೇಸ್ಟ್ ಮಾಡಿ ನೋಡಿ, ನಿಮಿಷಗಟ್ಟಲೆ ತಗೊಳ್ಳುತ್ತದೆ. ಯಾಕೆಂದರೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಯಾವುದೂ ಹೋಗುವುದಿಲ್ಲ ಮಾರಾಯ್ರೆ. ಅಲ್ಲಿ ಅದರ ಹಾಗೇ ಇರುವ ಹೊಸ ಫೈಲು ಬರೆಯಲಾಗುತ್ತದೆ, ಅದು ಮುಗಿದ ಮೇಲೆ ಇಲ್ಲಿರುವುದನ್ನು ಅಳಿಸಲಾಗುತ್ತದೆ. ಮಧ್ಯೆ ಕರೆಂಟ್ ಹೋದರೆ (ನಮ್ಮಲ್ಲಿ ಮಳೆಗಾಲದಲ್ಲಿ ಹೋಗದೆ ಇರುತ್ತದಾ) ಹಳೆಯದು ಇಲ್ಲಿಯೇ ಇರುತ್ತದೆ, ಅಲ್ಲಿ ಅರ್ಧಂಬರ್ಧ ಏನೋ ಬಿದ್ದಿರುತ್ತದೆ.

ತಲೆಯಿಂದ ಕಂಪ್ಯೂಟರಿಗೆ ಅಂದರೂ ಎರಡು ಡಿಸ್ಕಿನ ಲೆಕ್ಕವೇ ಅಲ್ವಾ? ನಿಮ್ಮ ಮಿದುಳನ್ನು ಒಂಚೂರೂ ಬಿಡದೆ ಕಾಪಿ ಮಾಡಿದರು ಅಂತಲೇ ಇಟ್ಟುಕೊಳ್ಳಿ. ಪರದೆಯ ಮೇಲೆ ಒಬ್ಬರು “ನಾನೇ” ಅನ್ನುತ್ತಾರೆ, ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕು ಹೇಳುತ್ತಾರೆ, ನಿಮ್ಮ ಹೆಂಡತಿಯನ್ನು ನೀವು ಕರೆಯುವ ಹೆಸರಿನಲ್ಲೇ ಕರೆಯುತ್ತಾರೆ. ನೀವು ಮಾತ್ರ ಇಲ್ಲೇ ಸ್ಟೂಲಿನ ಮೇಲೆ, ಸೊಂಟನೋವು ಸಮೇತ. ಆಮೇಲೆ ಯಾರಾದರೂ ನಿಮ್ಮನ್ನು ಅಳಿಸಿದರೆ ಅದಕ್ಕೆ “ಅಪ್‌ಲೋಡ್ ಆದರು” ಅಂತ ಹೆಸರಿಡಬಹುದೇನೋ. ನನಗೆ ಅದು ಸಾವಿನ ಹಾಗೇ ಕಾಣುತ್ತದೆ.

ಕಾಪಿಯಾದರೂ ಆಗುತ್ತದಾ? ಇದರ ಬಗ್ಗೆ ನಾನು ಓದಿದ್ದು ಸ್ವಲ್ಪ ಜಾಸ್ತಿಯೇ. ಒಂದು ಮಿಲಿಮೀಟರ್ ಉದ್ದದ ಒಂದು ಹುಳು ಉಂಟು, ಸಿ. ಎಲೆಗನ್ಸ್ ಅಂತ. ಅದರ ನರಕೋಶಗಳು ಬರೀ 302. ಯಾವುದು ಯಾವುದಕ್ಕೆ ಜೋಡಿಸಿಕೊಂಡಿದೆ ಅನ್ನುವ ನಕ್ಷೆ 1986ರಲ್ಲೇ ಬಂತು, ನಾನಾಗ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. 2011ರಿಂದ ಓಪನ್‌ವರ್ಮ್ ಅನ್ನುವ ಗುಂಪು ಆ ಹುಳುವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟಿದೆ, ಪೂರ್ತಿ ಹುಳು ಇನ್ನೂ ಎದ್ದಿಲ್ಲ. ನಕ್ಷೆ ಇದ್ದರೂ ಯಾಕೆ ಆಗುವುದಿಲ್ಲ? ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಸುರತ್ಕಲ್ಲಿಗೆ ರಸ್ತೆ ಉಂಟು ಅಂತ ನಕ್ಷೆ ಹೇಳುತ್ತದೆ. ಎಷ್ಟು ಬಸ್ಸು ಓಡುತ್ತವೆ, ಯಾವುದು ಎಲ್ಲಿ ನಿಲ್ಲಿಸದೆ ಹಾರಿಸಿಕೊಂಡು ಹೋಗುತ್ತದೆ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ಏನಾಗುತ್ತದೆ, ಇದು ಯಾವುದೂ ಅದರಲ್ಲಿಲ್ಲ. ಹಾಗೆಯೇ, ಎರಡು ಕೋಶಗಳ ನಡುವಿನ ಜೋಡಣೆ ಎಷ್ಟು ಗಟ್ಟಿ, ಅದು ಮುಂದಿನದನ್ನು ಎಬ್ಬಿಸುತ್ತದೋ ಸುಮ್ಮನಿರಿಸುತ್ತದೋ, ಸುತ್ತಲಿನ ರಾಸಾಯನಿಕಗಳು ಅದನ್ನು ಹೇಗೆ ಬದಲಿಸುತ್ತವೆ ಅನ್ನುವುದು ಬರೀ ಗೆರೆ ನೋಡಿ ತಿಳಿಯುವುದಿಲ್ಲ.

ನಕ್ಷೆ ಮಾಡುವ ಕೆಲಸ ಮುಂದೆ ಹೋಗಿದೆ, ಇಲ್ಲ ಅನ್ನುವುದಿಲ್ಲ. 2024ರಲ್ಲಿ ಹಣ್ಣಿನ ನೊಣದ ಇಡೀ ಮಿದುಳಿನ ನಕ್ಷೆ ಬಂತು, ಸುಮಾರು 1,39,000 ಕೋಶ. ಅದೇ ವರ್ಷ ಹಾರ್ವರ್ಡ್ ಮತ್ತು ಗೂಗಲ್ ಸೇರಿ ಮನುಷ್ಯರ ಮಿದುಳಿನ ಒಂದು ಘನ ಮಿಲಿಮೀಟರ್ ತುಣುಕನ್ನು ಪ್ರಕಟಿಸಿದರು. ಒಂದು ಸಾಸಿವೆ ಕಾಳಿನಷ್ಟು ಅನ್ನಿ. ಮೂರ್ಛೆರೋಗಕ್ಕೆ ಆಪರೇಷನ್ ಆದಾಗ ತೆಗೆದ ತುಣುಕು ಅದು. ಅದನ್ನು ಐದು ಸಾವಿರಕ್ಕೂ ಹೆಚ್ಚು ಪದರವಾಗಿ ಸೀಳಿ, ಒಂದೊಂದರ ಚಿತ್ರ ತೆಗೆದರು. ಚಿತ್ರಗಳೇ 1,400 ಟಿಬಿ ಆದವು. ನಾನು ಮಾರುವ 4 ಟಿಬಿ ಡಿಸ್ಕಿನ ಲೆಕ್ಕದಲ್ಲಿ ಒಂದು ಸಾಸಿವೆಗೆ 350 ಡಿಸ್ಕು! ಇಡೀ ಮಿದುಳು ಅಂದರೆ ಅಂಥ ಸಾಸಿವೆ ಹನ್ನೆರಡು ಲಕ್ಷಕ್ಕೂ ಹೆಚ್ಚು, ಅದರಲ್ಲಿ ಸುಮಾರು 8,600 ಕೋಟಿ ನರಕೋಶ. ನನ್ನ ಅಂಗಡಿ ಬಿಡಿ, ಇಡೀ ಹಂಪನಕಟ್ಟೆ ಸಾಲದು. ಇದರಲ್ಲಿ ಇನ್ನೊಂದು ಮಾತು ಜನ ಗಮನಿಸುವುದಿಲ್ಲ: ಹೀಗೆ ನೋಡಬೇಕಾದರೆ ಸೀಳಲೇಬೇಕು. ಸೀಳಿದ ಮೇಲೆ ಒರಿಜಿನಲ್ ಎಲ್ಲಿಂದ?

ಇಷ್ಟು ಹೇಳಿ ಗೆದ್ದೆ ಅಂದುಕೊಂಡಿದ್ದಾಗ ಒಬ್ಬ ಇಂಜಿನಿಯರಿಂಗ್ ಹುಡುಗ ನನ್ನನ್ನು ಸಿಕ್ಕಿಸಿದ. “ಅಣ್ಣಾ, ಒಟ್ಟಿಗೆ ಯಾಕೆ ಕಾಪಿ ಮಾಡ್ಬೇಕು? ಒಂದೊಂದೇ ಕೋಶ ತೆಗೆದು ಅದರ ಜಾಗಕ್ಕೆ ಅದೇ ಕೆಲಸ ಮಾಡುವ ಚಿಪ್ ಇಟ್ರೆ? ನೀವು ಎಚ್ಚರವಾಗೇ ಇರ್ತೀರಿ. ಯಾವ ಕೋಶಕ್ಕೆ ನೀವು ಸತ್ರಿ ಹೇಳಿ ನೋಡುವ.” ನನಗೆ ನಮ್ಮ ಅಜ್ಜನ ಮನೆ ನೆನಪಾಯಿತು. ಪ್ರತಿ ವರ್ಷ ಮಳೆಗೆ ಮುಂಚೆ ಮಾಡಿಗೆ ಹತ್ತಿ ಒಡೆದ ಹಂಚು ತೆಗೆದು ಬೇರೆ ಇಡುವುದು, ಅಲ್ಲೊಂದು ಇಲ್ಲೊಂದು. ನಲವತ್ತು ವರ್ಷದಲ್ಲಿ ಅಜ್ಜ ಇಟ್ಟ ಹಂಚು ಒಂದೂ ಉಳಿದಿರಲಿಕ್ಕಿಲ್ಲ, ಆದರೂ ಅದು ಅಜ್ಜನ ಮನೆಯೇ. ಹುಡುಗನಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಂಥ ಹಂಚು ಇನ್ನೂ ಯಾರೂ ಮಾಡಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ. ಅವನು ನಗುತ್ತಾ ಹೋದ.

ಕಾಯಂ ಆಗಿ ಉಳಿಯುತ್ತದೆ ಅನ್ನುವ ಮಾತು ಕೇಳಿದರೆ ಮಾತ್ರ ನನಗೆ ನಗು ಬರುತ್ತದೆ. ನಮ್ಮೂರಿನ ಉಪ್ಪುಗಾಳಿಗೆ ಡಿಸ್ಕಿನ ಬೋರ್ಡು ಹಸಿರುಗಟ್ಟುವುದನ್ನು ದಿನಾ ನೋಡುವವನು ನಾನು. ಬಾಡಿಗೆ ಕಟ್ಟದೆ ಕ್ಲೌಡಿನಲ್ಲಿದ್ದ ಫೋಟೊ ಕಳಕೊಂಡವರೂ ಬರುತ್ತಾರೆ. ನಿಮ್ಮ ಮನಸ್ಸಿನ ಬಾಡಿಗೆಯನ್ನು ಮೊಮ್ಮಕ್ಕಳು ಕಟ್ಟುತ್ತಾರಾ, ಯೋಚನೆ ಮಾಡಿ.

ಹೋದ ಆಟಿ ತಿಂಗಳಿನಲ್ಲಿ ಒಬ್ಬರು ಅಕ್ಕ ಗಂಡನ ಫೋನು ತಂದಿದ್ದರು. ಆನ್ ಆಗುತ್ತಿರಲಿಲ್ಲ. ಎರಡು ದಿನ ಕೂತು ತೆಗೆದೆ. ಫೋಟೊ ಹೆಚ್ಚೇನೂ ಸಿಗಲಿಲ್ಲ, ಒಂದು ವಾಟ್ಸಾಪ್ ವಾಯ್ಸ್ ಸಿಕ್ಕಿತು, ಹದಿನಾಲ್ಕು ಸೆಕೆಂಡಿನದ್ದು. ಮೀನಿನ ದಕ್ಕೆಯಲ್ಲಿ ನಿಂತು ಮಾತಾಡಿದ್ದು, ಹಿಂದೆ ಮೀನಿನವರ ಕೂಗು, ಮಧ್ಯದಲ್ಲಿ “ಬಂಗುಡೆನಾ, ಬೂತಾಯಿನಾ?” ಅಂತ ಗಂಡನ ಸ್ವರ.

ಅಕ್ಕ ಮೂರು ಸಲ ಕೇಳಿದರು. ಆಮೇಲೆ, “ಇದನ್ನು ಎಐಗೆ ಹಾಕಿದ್ರೆ ಅವರ ಸ್ವರದಲ್ಲೇ ಮಾತಾಡ್ತದಂತಲ್ಲ?” ಅಂದರು.

“ಮಾತಾಡ್ತದೆ ಅಕ್ಕ. ಸ್ವರ ಅವರದ್ದೇ ಇರ್ತದೆ. ಮಾತು ಅವರದ್ದಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆ ದಿನ ನಾನು ಮೆಸೇಜು ನೋಡ್ಲೇ ಇಲ್ಲ, ಅವರು ಎರಡೂ ತಂದಿದ್ರು” ಅಂದರು. ಆಮೇಲೆ ಎರಡು ಪೆನ್‌ಡ್ರೈವಿಗೆ ಹಾಕಿಕೊಡಿ, ಒಂದು ಮಗಳಿಗೆ ಅಂದರು. ಇಡೀ ಫೈಲು ಮೂವತ್ತು ನಲವತ್ತು ಕೆಬಿ. ನನ್ನಲ್ಲಿ 16 ಜಿಬಿಗಿಂತ ಚಿಕ್ಕದು ಇರಲಿಲ್ಲ, ಅದರಲ್ಲೇ ಹಾಕಿಕೊಟ್ಟೆ.