ಉಳಿದ ವೋಲ್ಟ್ ಯಾರು ತಿಂದ್ರು ಮಾಮ?

ಈ ವಾರವೆಲ್ಲ ತಲೆಯಲ್ಲಿ ಇದೊಂದೇ ಪ್ರಶ್ನೆ. ಕೇಳಿದವಳು ಅಕ್ಕನ ಮಗಳು. ಎರಡು ಚಕ್ರದ ರೋಬಾಟ್ ಜೋಡಿಸಿಕೊಂಡು ಕೂತಿದ್ದಳು. ಹಳದಿ ಗೇರ್ ಮೋಟರ್, ಅದಕ್ಕೆ ಆಜ್ಞೆ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ, ನಡುವೆ ಆ ಆಜ್ಞೆಯಂತೆ ಮೋಟರಿಗೆ ಬ್ಯಾಟರಿಯ ಕರೆಂಟು ಬಿಡುವ ಡ್ರೈವರ್, ಕೆಂಪು ಬಣ್ಣದ ಎಲ್298ಎನ್ ಬೋರ್ಡು. ರೋಬಾಟ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹೊಸ ಮಲ್ಟಿಮೀಟರ್ ಕೈಗೆ ಬಂದ ಮಕ್ಕಳು ಸುಮ್ಮನಿರುತ್ತಾರೆಯೇ? ಬ್ಯಾಟರಿಯಲ್ಲಿ 7.4 ವೋಲ್ಟ್, ಪೂರ್ತಿ ವೇಗದಲ್ಲಿ ತಿರುಗುವ ಮೋಟರಿನ ತುದಿಯಲ್ಲಿ 5.6.

"ಉಳಿದದ್ದು ಯಾರು ತಿಂದ್ರು ಮಾಮ?"

ನಾನು ಬಾಯಿ ಬಿಡುವುದರೊಳಗೆ ಭಾವ ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟರು: "ಬೋರ್ಡ್ ಕೆಟ್ಟಿರುತ್ತೆ, ಬೇರೆ ತರಿಸಿದ್ರಾಯ್ತು." ಒಳ್ಳೆಯ ಮನುಷ್ಯ, ಮಗಳಿಗೆ ಏನು ಬೇಕಾದರೂ ಕೊಡಿಸುತ್ತಾರೆ, ಉತ್ತರವೊಂದನ್ನು ಬಿಟ್ಟು. ಆಮೇಲೆ ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ಓಬೀರಾಯನ ಕಾಲದ ಚಿಪ್ಪು, ಎಸೆದು ಟಿಬಿ6612 ಹಾಕ್ಸು" ಅಂದ. ಅದೂ ಇದೇ ಕೆಲಸದ ಡ್ರೈವರ್, ಹೊಸ ಬಗೆಯದು. ಅವನ ಮಾತು ಸುಳ್ಳಲ್ಲ. ಆದರೆ ಅದೂ ಅವಳ ಪ್ರಶ್ನೆಗೆ ಉತ್ತರವಲ್ಲ. ಗೊತ್ತಿರುವವರಿಗೆ ಈ ಚಾಳಿ ಜಾಸ್ತಿ, ಪ್ರಶ್ನೆ ಮುಗಿಯುವ ಮೊದಲೇ ಸಾಮಾನು ಬದಲಾಯಿಸಿಬಿಡುತ್ತಾರೆ.

ಅವಳಿಗೆ ನಾನು ಹೇಳಿದ್ದಿಷ್ಟೇ: "ಚಕ್ರವನ್ನ ಬೆರಳಲ್ಲಿ ಸ್ವಲ್ಪ ಅದುಮಿ ಹಿಡಿ. ಇನ್ನೊಂದು ಕೈಯಲ್ಲಿ ಆ ಕಪ್ಪು ರೆಕ್ಕೆ ಮುಟ್ಟಿ ನೋಡು."

ಮುಟ್ಟಿದಳು. ಚಿಪ್ಪಿನ ಶಾಖ ಹೊರಹಾಕುವ ಆ ರೆಕ್ಕೆ, ಅಂದರೆ ಹೀಟ್ ಸಿಂಕ್, ನಿಧಾನವಾಗಿ ಬಿಸಿಯೇರಿತು. ಅವಳ ಹುಬ್ಬೂ ಏರಿತು. "ಇದೇ ತಿಂತಿರೋದಾ?"

ಇದೇ. ಈ ಚಿಪ್ಪಿನೊಳಗೆ ಕರೆಂಟಿಗೆ ಸ್ವಿಚ್ಚಿನಂತೆ ಇರುವುದು ಹಳೆಯ ಬಗೆಯ ಬೈಪೋಲಾರ್ ಟ್ರಾನ್ಸಿಸ್ಟರುಗಳು. ಕರೆಂಟು ಮೋಟರಿಗೆ ಹೋಗುವಾಗ ಒಂದನ್ನು, ಹಿಂದಿರುಗುವಾಗ ಇನ್ನೊಂದನ್ನು ದಾಟಬೇಕು, ಎರಡು ಕಡೆಯೂ ಸುಂಕ ಕಟ್ಟಬೇಕು. ಒಂದು ಆಂಪಿಯರ್ ಹರಿದರೆ ಎರಡು ವೋಲ್ಟಿಗೂ ಹೆಚ್ಚು ಹೋದೀತು. ಹೋದದ್ದೆಲ್ಲ ಶಾಖ. ಟಿಬಿ6612ರಲ್ಲಿ ಆ ಜಾಗದಲ್ಲಿ ಮಾಸ್‌ಫೆಟ್ ಎಂಬ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್ ಇದೆ. ಎರಡರ ರೋಧ ಸೇರಿ ಅರ್ಧ ಓಮ್ ಆಸುಪಾಸು, ಹಾಗಾಗಿ ಇಂಥ ಪುಟ್ಟ ಮೋಟರಿಗೆ ನಷ್ಟ ಗೊತ್ತೇ ಆಗುವುದಿಲ್ಲ.

ಹಾಗಾದರೆ ಹೊಸಬರಿಗೆ ಯಾವುದು ಒಳ್ಳೆಯದು? ಗೆಳೆಯನ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಕೆಂಪು ಬೋರ್ಡಿನಲ್ಲಿ ಸ್ಕ್ರೂ ಬಿಗಿದರೆ ವೈರು ಕೂರುತ್ತದೆ, ಸೋಲ್ಡರ್ (ಬೆಸುಗೆ) ಬೇಡ. ಇಎನ್‌ಎ ಪಿನ್ನಿನ ಜಂಪರ್ (ಪುಟ್ಟ ಟೋಪಿ) ಕಿತ್ತು, ಆ ಪಿನ್ನನ್ನು ಆರ್ಡುಯಿನೊದ ಪಿಡಬ್ಲ್ಯುಎಂ ಪಿನ್ನಿಗೆ, ಅಂದರೆ ಬೇಗ ಬೇಗ ಆನ್-ಆಫ್ ಆಗುವ ಪಿನ್ನಿಗೆ, ಕೊಟ್ಟರೆ ವೇಗ ಹಿಡಿತಕ್ಕೆ ಬರುತ್ತದೆ. ದಿಕ್ಕು ಹೇಳುವ ಐಎನ್1, ಐಎನ್2 ಪಿನ್ನುಗಳನ್ನು ಅದಲುಬದಲು ಮಾಡಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ಟಿಬಿ6612ರ ಪುಟ್ಟ ಬೋರ್ಡು ಜಾಣ, ಆದರೆ ಎಸ್‌ಟಿಬಿವೈ (ಸ್ಟ್ಯಾಂಡ್‌ಬೈ) ಪಿನ್ನನ್ನು ಹೈ ಮಾಡದಿದ್ದರೆ, ಅಂದರೆ ಅದಕ್ಕೆ ವೋಲ್ಟ್ ಕೊಡದಿದ್ದರೆ, ಕದಲುವುದೇ ಇಲ್ಲ. ಯಾಕೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಇನ್ನು ಆರ್ಡುಯಿನೊದ ಗ್ರೌಂಡನ್ನು (ಮೈನಸ್ ಕಡೆ) ಡ್ರೈವರಿನ ಗ್ರೌಂಡಿಗೆ ಸೇರಿಸದಿದ್ದರೆ ಎರಡೂ ಒಂದೇ, ಯಾವುದೂ ಮಾತು ಕೇಳುವುದಿಲ್ಲ.

"ಸುಲಭ" ಅಂತ ಮಾರುವ ಸಾಮಾನಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಕೆಲಸ ಮಾಡಿತು, ಸಾಕು ಅನ್ನಿಸಿಬಿಟ್ಟರೆ ಮಗು ಮೀಟರ್ ಹಿಡಿಯುವುದು ಯಾವಾಗ? ಈ ಹಳೆಯ ಚಿಪ್ಪು ದಡ್ಡ ಇರಬಹುದು, ಆದರೆ ತಿಂದದ್ದನ್ನು ಮುಚ್ಚಿಡಲಿಲ್ಲ, ಬೆರಳಿಗೇ ತೋರಿಸಿತು. ನಷ್ಟ ಕಾಣದ ಬೋರ್ಡನ್ನೇ ಮೊದಲು ಕೊಟ್ಟಿದ್ದರೆ ಅವಳು ಇಷ್ಟು ಹೊತ್ತಿಗೆ ಮೊಬೈಲು ನೋಡುತ್ತಿದ್ದಳೇನೋ.

ಈಗ ಟಿಬಿ6612 ಕೂಡ ಬಂದಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯುತ್ತಾಳಂತೆ. ಅದರ ಪಿನ್ನುಗಳನ್ನು ನಾವೇ ಸೋಲ್ಡರ್ ಮಾಡಬೇಕು. ಭಾವ ಆಗಲೇ ಶುರು ಮಾಡಿದ್ದಾರೆ, "ರೆಡಿಮೇಡ್ ಸಿಗಲ್ವೇನಯ್ಯಾ?"