ಆ ಸರ್ಟಿಫಿಕೇಟ್ ತಗೊಂಡು ಏನ್ ಮಾಡ್ತೀರಿ?

ಬಳ್ಳಾರಿಯಲ್ಲಿ ರೈಫಲ್ ಶೂಟಿಂಗ್ ಕಲಿಸುತ್ತೇನೆ, ಅದಕ್ಕೆ ಕೋಚ್ ಸರ್ಟಿಫಿಕೇಟ್ ಇದೆ ಅಂದರೆ ಸಾಕು. "ಅದಕ್ಕೂ ಸರ್ಟಿಫಿಕೇಟಾ? ಅದರಿಂದ ಏನ್ ಲಾಭ?" ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಸಾವಿನ ಮನೆಯಲ್ಲೂ ಕೇಳಿದ್ದಾರೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದರು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ದುಡ್ಡಿನ ಲಾಭ ಜಾಸ್ತಿ ಇಲ್ಲ. ಸರ್ಕಾರಿ ಕೆಲಸ ಬರಲ್ಲ. ಗನ್ ಲೈಸೆನ್ಸ್ ಅಂತೂ ಬರೋದೇ ಇಲ್ಲ. ಅದನ್ನು ಕೊಡುವವರು ಜಿಲ್ಲಾಧಿಕಾರಿ, ಅದೂ ಪೊಲೀಸ್ ವರದಿ ನೋಡಿದ ಮೇಲೆ. ಬಂದೂಕು ಕಲಿಯಲೇಬೇಕು ಅನ್ನುವವರಿಗೆ ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಪೇಪರಿನಲ್ಲಿ ಪ್ರಕಟಣೆ ಬರುತ್ತೆ, ನೋಡಿಕೊಳ್ಳಿ. ನಾನು ಕಲಿಸುವುದು 10 ಮೀಟರ್ ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಲ್ಲಿ ಹೊಡೆಯುವ ಬಂದೂಕು, ಹತ್ತು ಮೀಟರ್ ದೂರದ ಗುರಿಗೆ. 4.5 ಮಿಲಿಮೀಟರಿನ ಪೆಲೆಟ್ ಅನ್ನೋ ಪುಟ್ಟ ಗುಂಡು, 20 ಜೂಲ್‌ಗಿಂತ ಕಡಿಮೆ ಶಕ್ತಿ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಇದಕ್ಕೆ ಲೈಸೆನ್ಸೇ ಬೇಡ.

ಇಷ್ಟು ಹೇಳುವಷ್ಟರಲ್ಲಿ ಎದುರಿದ್ದವರ ಮುಖ ಇಳಿದಿರುತ್ತೆ. "ಅಯ್ಯ, ಜಾತ್ರ್ಯಾಗ ಬಲೂನ್ ಹೊಡೆಯೋದಾ?" ಹೌದು ಸ್ವಾಮಿ, ಅದರ ಅಣ್ಣ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಿಂದ ಚಿನ್ನ ತಂದದ್ದು ಇದರಲ್ಲೇ. ಟಾರ್ಗೆಟ್‌ನ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಪಂದ್ಯದಲ್ಲಿ ನಿಂತುಕೊಂಡು 60 ಸಲ ಹೊಡೆಯಬೇಕು, ದಪ್ಪ ಜಾಕೆಟ್ ಹಾಕಿಕೊಂಡು. ಬಳ್ಳಾರಿಯ ಮೇ ತಿಂಗಳಲ್ಲಿ, ಕರೆಂಟ್ ಹೋದಾಗ, ಆ ಜಾಕೆಟ್ ಒಮ್ಮೆ ಹಾಕಿ ನೋಡಿ. ಆಮೇಲೆ ಬಲೂನಿನ ಮಾತಾಡೋಣ.

ಜನರದ್ದೂ ಪೂರ್ತಿ ತಪ್ಪಿಲ್ಲ ಬಿಡಿ. ನಮ್ಮೂರಿನಲ್ಲಿ ಗನ್ ಅಂದರೆ ಗನ್‌ಮ್ಯಾನ್ ನೆನಪಾಗುತ್ತಾನೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ, ಅದಿರಿನ ದುಡ್ಡಿನ ಕಾಲದಲ್ಲಿ, ಹಿಂದೊಬ್ಬ ಗನ್‌ಮ್ಯಾನ್ ಇಲ್ಲದಿದ್ದರೆ ಸಾಹುಕಾರನೇ ಅಲ್ಲ ಅನ್ನೋ ಗತ್ತಿತ್ತು. ಗಣಿ ನಿಂತರೂ ಗತ್ತು ನಿಲ್ಲಲಿಲ್ಲ.

ಸಿರುಗುಪ್ಪ ಕಡೆ ಒಂದು ಮದುವೆಗೆ ಹೋಗಿದ್ದೆ. ಮದುಮಗನ ಚಿಕ್ಕಪ್ಪ ರೈಸ್ ಮಿಲ್ ಸಾಹುಕಾರರು. ನನ್ನ ಹೆಗಲ ಮೇಲೆ ಕೈ ಹಾಕಿ ಬಂದವರಿಗೆಲ್ಲ "ಇವರು ಗನ್ ಮಾಸ್ತರ್ರು" ಅಂತ ಪರಿಚಯ ಮಾಡಿಕೊಟ್ಟರು. ಊಟ ಆದ ಮೇಲೆ ಬದಿಗೆ ಕರೆದರು.

"ಮಾಸ್ತರ್ರೇ, ಮೆರವಣಿಗಿ ಹೊತ್ತಿಗೆ ನನ್ನ ಡಬಲ್ ಬ್ಯಾರಲ್ ತರಸ್ತೀನಿ. ಮ್ಯಾಲೆ ಎರಡು ಗುಂಡು ಹಾರಿಸಿಬಿಡ್ರಿ. ನೀವು ಸರ್ಟಿಫಿಕೇಟ್ ಇರೋರು, ಯಾರೂ ಏನೂ ಅನ್ನಂಗಿಲ್ಲ."

ನಾನು ಕಾನೂನು ಹೇಳಿದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದಿದೆ, ಮದುವೆಯಲ್ಲಿ ಖುಷಿಗೆ ಅಂತ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮೇಲೆ ಹೋದದ್ದು ಕೆಳಗೆ ಬಂದೇ ಬರುತ್ತೆ, ಕೆಳಗೆ ಇಡೀ ಬೀಗರ ಬಳಗ ಇದೆ ಅಂತಲೂ ಹೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರ ಆ ಸರ್ಟಿಫಿಕೇಟ್ ಯಾತಕ್ಕರೀ?"

"ಇದಕ್ಕೇ ಸಾಹುಕಾರ್ರೇ. ನಿಮಗೆ ಆಗಲ್ಲ ಅನ್ನೋಕೆ."

ಕೊನೆಗೆ ಪಟಾಕಿ ಸರ ಹಚ್ಚಿದರು. ನನಗೆ ಮಾತ್ರ ಆಮೇಲೆ ಎಲೆ ಅಡಿಕೆ ಕೊಡಲೂ ಯಾರೂ ಬರಲಿಲ್ಲ.

ಆಗಲ್ಲ ಅನ್ನೋಕೆ ಸರ್ಟಿಫಿಕೇಟ್ ಅಂದೆನಲ್ಲ, ತಮಾಷೆಗೆ ಹೇಳಿದ ಮಾತಲ್ಲ ಅದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಕೋಚ್ ಲೈಸೆನ್ಸ್‌ನಲ್ಲಿ ಡಿ, ಸಿ, ಬಿ, ಎ ಅಂತ ನಾಲ್ಕು ಮೆಟ್ಟಿಲು. ನನ್ನದು ಡಿ, ಎಲ್ಲಕ್ಕಿಂತ ಕೆಳಗಿನದು. ಚೆನ್ನಾಗಿ ಗುರಿ ಇಡುವವನಿಗೆ ಕಲಿಸಲೂ ಬರುತ್ತೆ ಅಂತೇನಿಲ್ಲ. ಮಗುವಿನ ಸೊಂಟ ಯಾವ ಕಡೆ ವಾಲಿದೆ, ಉಸಿರು ಎಲ್ಲಿ ಹಿಡಿಯುತ್ತಿದೆ, ಟ್ರಿಗರ್ ಮೆಲ್ಲಗೆ ಒತ್ತುತ್ತಿದೆಯೋ ಜಗ್ಗಿ ಎಳೆಯುತ್ತಿದೆಯೋ, ಇದನ್ನು ನೋಡಲು ಕಲಿಯಬೇಕು. ಅದಕ್ಕಿಂತ ಮುಖ್ಯ, ರೇಂಜ್, ಅಂದರೆ ಗುರಿ ಹೊಡೆಯುವ ಜಾಗ, ನಡೆಸಲು ಕಲಿಯಬೇಕು. ನಾನು ಸ್ಟಾಪ್ ಅಂದರೆ ಬೆರಳು ಟ್ರಿಗರ್‌ನಿಂದ ಹೊರಗೆ ಬರಬೇಕು. ಅನ್‌ಲೋಡ್ ಆದ ಮೇಲೆ ನಳಿಗೆಯಲ್ಲಿ, ಖಾಲಿ ಇದೆ ಅಂತ ತೋರಿಸುವ ಬಣ್ಣದ ಸೇಫ್ಟಿ ಫ್ಲಾಗ್ ಕಾಣಬೇಕು. ಆಮೇಲೆ ಮಾತ್ರ ಯಾರಾದರೂ ಟಾರ್ಗೆಟ್ ಕಡೆ ಹೆಜ್ಜೆ ಇಡಬಹುದು. ರೈಫಲ್ಲಿನ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತೆ. ಲೈಸೆನ್ಸ್ ಬೇಡ ಅಂದರೆ ಆಟಿಕೆ ಅಂತಲ್ಲ, ಕಣ್ಣು ಹೋಗುತ್ತೆ.

ನಿಜ ಹೇಳಬೇಕೆಂದರೆ, ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ. ಯಾರಿಗೆ ಕಲಿಸಲ್ಲ ಅಂದಿದ್ದೀರಿ? ಇದನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಒಂದು ಚಹಾ ನಾನೇ ಕೊಡಿಸುತ್ತಿದ್ದೆ.

ಒಬ್ಬರು ಮಗನನ್ನು ಕರೆತಂದರು. "ಬಾಳ ಅಂಜುಬುರುಕ ಅದಾನ್ರೀ, ಗನ್ ಹಿಡದ್ರ ಧೈರ್ಯ ಬರ್ತೈತಿ" ಅಂದರು. ಅಂಜುವ ಹುಡುಗರು ನನಗೆ ಇಷ್ಟ, ಹೇಳಿದ್ದು ಕೇಳುತ್ತಾರೆ. ಹುಡುಗನನ್ನು ಸೇರಿಸಿಕೊಂಡೆ. ಅಪ್ಪ ಹಿಂದೆ ನಿಂತು "ಹೊಡಿಯಲೇ, ಹೊಡಿ" ಅನ್ನುತ್ತಿದ್ದರು, ಅವರನ್ನು ಹೊರಗೆ ಕಳಿಸಿದೆ.

ಇನ್ನೊಬ್ಬ ಕಾಲೇಜು ಹುಡುಗ. ಒಳ್ಳೆ ಕೈ, ಬೇಗ ಕಲಿತ. ಒಂದು ಸಂಜೆ ನೋಡಿದರೆ ರೀಲ್ಸ್ ಮಾಡಲು ರೈಫಲ್ಲನ್ನು ಗೆಳೆಯನ ಎದೆಗೆ ಹಿಡಿದು ನಿಂತಿದ್ದ. "ಖಾಲಿ ಐತ್ರಿ ಸರ್" ಅಂದ. ಅವತ್ತೇ ಮನೆಗೆ ಕಳಿಸಿದೆ. ರಾತ್ರಿ ಅವರ ಮಾವನ ಫೋನು. ಯಾವುದೋ ಪಕ್ಷದ ಮುಖಂಡರಂತೆ. "ಹುಡುಗ್ರು, ಬಿಡ್ರೀ" ಅಂದರು. ಇಂಥವರಿಗೆ ಇಲ್ಲ ಅನ್ನುವುದು ನಮ್ಮೂರಿನಲ್ಲಿ ಎಷ್ಟು ಕಷ್ಟ ಅಂತ ನಿಮಗೂ ಗೊತ್ತು. ನಾನು ಅಂದೆ, "ನನಗೇನಿಲ್ಲ ಸರ್, ವಾಪಸ್ ಸೇರಿಸಿಕೊಂಡರೆ ನನ್ನ ಸರ್ಟಿಫಿಕೇಟ್ ಹೋಗುತ್ತೆ." ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದು ಬೇರೆ ಮಾತು. ಅವರು "ಹೌದಾ, ಹಂಗೈತೇನು" ಅಂತ ಫೋನ್ ಇಟ್ಟರು. ಬರೀ ನನ್ನ ಮಾತಾಗಿದ್ದರೆ ಸೊಕ್ಕು ಅನ್ನುತ್ತಿದ್ದರು. ಸೀಲ್ ಹಾಕಿದ ಕಾಗದಕ್ಕೆ ನಮ್ಮ ಜನ ಕೊಡುವ ಮರ್ಯಾದೆಯೇ ಬೇರೆ. ಲಾಭ ಕೇಳಿದಿರಲ್ಲ, ತಗೊಳ್ಳಿ, ಇದೇ.

ಮಕ್ಕಳನ್ನು ಕಳಿಸುವವರು ಭಾನುವಾರ ಬೆಳಿಗ್ಗೆ ಕರೆತನ್ನಿ. ಮೊದಲ ದಿನ ರೈಫಲ್ ಮುಟ್ಟಲು ಕೊಡಲ್ಲ, ಸುಮ್ನೆ ನಿಲ್ಲಿಸುತ್ತೇನೆ. ಅದಕ್ಕೂ ಫೀಸ್ ಇದೆ.