ಗುಮಾಸ್ತನ ಕಿವಿ, ಪ್ರಯಾಣಿಕನ ಕೈ

ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಚೌಕಟ್ಟು ಹಾಕಿಸಿದ ಹಳೆಯ ಕಾಗದವೊಂದನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದದ್ದು ಕಳೆದ ಚಳಿಗಾಲದಲ್ಲಿ. ನಾವಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ. ಇಲ್ಲಿನ ಹಳೆಯ ಮನೆತನಗಳಲ್ಲಿ ಜರ್ಮನ್ ಮೂಲದವು ಬಹಳ. ಅಂಚಿನಲ್ಲಿ ಹಕ್ಕಿಗಳನ್ನೂ ಟ್ಯುಲಿಪ್ ಹೂಗಳನ್ನೂ ಬಣ್ಣದಲ್ಲಿ ಬರೆದಿದ್ದ ಆ ಕಾಗದ ಒಂದು ‘ಟೌಫ್‌ಶೈನ್’, ಅಂದರೆ ಮಗುವಿನ ಜನನ ಹಾಗೂ ದೀಕ್ಷಾಸ್ನಾನದ ಪತ್ರ. ಬೆಂಗಳೂರಿನಲ್ಲಿದ್ದಾಗ ಒಂದಷ್ಟು ಕಾಲ ಜರ್ಮನ್ ಕಲಿತಿದ್ದೆನೆಂಬ ಒಂದೇ ಅರ್ಹತೆಯ ಮೇಲೆ ಅದನ್ನು ಓದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಓದುವುದು ಒಂದು ಸಂಜೆಯಲ್ಲಿ ಮುಗಿಯಿತು. ಆ ಮಗುವಿನ ಅಜ್ಜ ಯಾವ ಊರಿನಿಂದ ಬಂದವನೆಂಬ ಅವರ ಪ್ರಶ್ನೆಗೆ ಮಾತ್ರ ತಿಂಗಳುಗಳೇ ಬೇಕಾದವು.

ಜರ್ಮನ್ ವಲಸೆಯ ಕಥೆ ಸಾಮಾನ್ಯವಾಗಿ 1683ರಿಂದ ಆರಂಭವಾಗುತ್ತದೆ. ಜರ್ಮನಿಯ ಕ್ರೇಫೆಲ್ಡ್ ಊರಿನ 13 ಕುಟುಂಬಗಳು ‘ಕಾನ್ಕಾರ್ಡ್’ ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಜರ್ಮನ್‌ಟೌನ್ ಕಟ್ಟಿಕೊಂಡ ವರ್ಷ ಅದು. ದೊಡ್ಡ ಅಲೆ ಬಂದದ್ದು ಅನಂತರ. ಯುದ್ಧ, ಕಡುಚಳಿ, ತೆರಿಗೆಗಳಿಂದ ಬೇಸತ್ತ ರೈನ್ ಸೀಮೆಯ ಸಾವಿರಾರು ಜನ 1709ರಲ್ಲಿ ಲಂಡನ್ನಿಗೆ ಬಂದಿಳಿದಾಗ, ಅವರಲ್ಲಿ ಸುಮಾರು 3,000 ಮಂದಿಯನ್ನು ಇಂಗ್ಲಿಷ್ ನೌಕಾಪಡೆಗೆ ಬೇಕಾದ ಟಾರು ತಯಾರಿಸಲೆಂದು ಮರುವರ್ಷ ನ್ಯೂಯಾರ್ಕಿಗೆ ಸಾಗಿಸಲಾಯಿತು. ಟಾರಿನ ಯೋಜನೆ ನೆಲಕಚ್ಚಿತು. ಆದರೆ ಗವರ್ನರ್ ರಾಬರ್ಟ್ ಹಂಟರ್ ಆ ಜನರಿಗೆ ಕೊಟ್ಟ ಊಟದ ಸಾಮಗ್ರಿಯ ಲೆಕ್ಕವನ್ನು ಯಜಮಾನರ ಹೆಸರಿನಡಿ ಬರೆಸಿಟ್ಟಿದ್ದರಿಂದ, ಆ ಕುಟುಂಬಗಳ ವಂಶಾವಳಿಗೆ ಇಂದು ಆ ಲೆಕ್ಕವೇ ತಳಪಾಯವಾಗಿದೆ.

ನಮ್ಮ ನೆರೆಯವರ ಪೂರ್ವಜ ಬಂದದ್ದು ಇನ್ನೂ ತಡವಾಗಿ, ನೇರ ಫಿಲಡೆಲ್ಫಿಯಾಕ್ಕೆ. ಈ ಬಂದರಿನ ದಾಖಲೆಗಳು ಹುಡುಕುವವರ ಪಾಲಿನ ಭಾಗ್ಯವೆಂದೇ ಹೇಳಬೇಕು. ವಿದೇಶಿಯರ ಸಂಖ್ಯೆ ಹೆಚ್ಚುತ್ತಿರುವುದನ್ನು ಕಂಡು ಕಳವಳಗೊಂಡ ಪೆನ್ಸಿಲ್ವೇನಿಯಾದ ಆಡಳಿತ ಮಂಡಳಿಯು, ಹಡಗಿನಿಂದ ಇಳಿದ 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಗಂಡಸೂ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕೆಂದು 1727ರಲ್ಲಿ ನಿಯಮ ಮಾಡಿತು. ಹೀಗಾಗಿ ಎಷ್ಟೋ ಹಡಗುಗಳಿಗೆ ಮೂರು ಪಟ್ಟಿಗಳು ಸಿಗುತ್ತವೆ: ಕಪ್ತಾನ ಒಪ್ಪಿಸಿದ್ದು ಒಂದು, ಎರಡು ಬಗೆಯ ಪ್ರಮಾಣಗಳಿಗೆ ಹಾಕಿದ ಸಹಿಗಳದ್ದು ಎರಡು. ಇವೆಲ್ಲವೂ 1934ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು. ಒಂದು ಸಂಪುಟದ ತುಂಬ ಮೂಲ ಸಹಿಗಳ ಪಡಿಯಚ್ಚುಗಳೇ ಇವೆ.

ಮೊದಲ ಪಟ್ಟಿ ಬರೆದವನಿಗೆ ಜರ್ಮನ್ ಬಾರದು. ಕಿವಿಗೆ ಬಿದ್ದದ್ದನ್ನು ಇಂಗ್ಲಿಷಿನಲ್ಲಿ ಗೀಚಿದ್ದಾನೆ. ಹೇಳುವವನ ನಾಲಿಗೆಯೂ ಸಾಮಾನ್ಯದ್ದಲ್ಲ. ಈ ವಲಸಿಗರಲ್ಲಿ ಬಹಳ ಮಂದಿಯ ತವರಾದ, ರೈನ್ ದಂಡೆಯ ಪ್ಯಾಲಟಿನೇಟ್ ಸೀಮೆಯ ಆಡುನುಡಿಯಲ್ಲಿ ಕ–ಗ, ತ–ದ, ಪ–ಬಗಳ ನಡುವೆ ಗಟ್ಟಿಯಾದ ಗಡಿ ಇಲ್ಲ. ಕ, ತ, ಪಗಳಿಗೆ ಗ, ದ, ಬ ಆದೇಶವಾಗಿ ಬರುತ್ತವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕ್ರೈಡರ್, ಗ್ರೈಡರ್, ಕ್ರೈಟರ್ ಎಂದು ಒಂದೇ ಮನೆತನದ ಹೆಸರನ್ನು ಮೂರು ಕಡೆ ಹುಡುಕಬೇಕಾಗಬಹುದು. ಸ್ವರಗಳ ನಡುವಿನ ಬಕಾರ ಅವರ ಬಾಯಲ್ಲಿ ವಕಾರವಾಗುತ್ತದೆ. 1738ರಲ್ಲಿ ಬಂದ ಆಂಡ್ರೆಯಾಸ್ ಹೂಬರ್‌ನ ವಂಶ ‘ಹೂವರ್’ ಆದದ್ದು, ಮುಂದೆ ಅದೇ ಹೆಸರಿನ ಅಧ್ಯಕ್ಷರೊಬ್ಬರು ಶ್ವೇತಭವನ ಸೇರಿದ್ದು ಹೀಗೆ. ಇನ್ನು ಕೆಲವರು ಹೆಸರನ್ನೇ ಅನುವಾದಿಸಿಕೊಂಡರು: ತ್ಸಿಮರ್‌ಮನ್ ಹೋಗಿ ಕಾರ್ಪೆಂಟರ್, ಶ್ವಾರ್ಟ್ಸ್ ಹೋಗಿ ಬ್ಲ್ಯಾಕ್. ಹೆಂಗಸರ ಹೆಸರು ಸಹಿಪಟ್ಟಿಗಳಲ್ಲಿ ಇಲ್ಲವೇ ಇಲ್ಲ. ಅವರನ್ನು ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಾಯಂದಿರಾಗಿ, ಮಗುವಿನ ಸಾಕ್ಷಿದಾರರಾಗಿ ಕಾಣಬೇಕು. ಅಲ್ಲಿಯೂ ಮ್ಯುಲ್ಲರ್ ಮನೆತನದವಳು, ಹೆಣ್ಣೆಂದು ಸೂಚಿಸುವ ‘ಇನ್’ ಸೇರಿ, ‘ಮ್ಯುಲ್ಲರಿನ್’ ಆಗಿರುತ್ತಾಳೆಂಬುದನ್ನು ಮರೆಯಬಾರದು.

ನಾನು ಎಡವಿದ್ದು ಬೇರೆ ಕಡೆ. ಅವರ ಮನೆಯ ವಂಶವೃಕ್ಷದಲ್ಲಿ ಮೂಲಪುರುಷನ ಹೆಸರು ‘ಹನ್ಸ್ ಎಚ್.’ ಎಂದಿತ್ತು, ಎಚ್ ಎಂದರೆ ಹೈನ್‌ರಿಖ್ ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದರು. ನಾನೂ ಹನ್ಸ್ ಹೈನ್‌ರಿಖ್‌ನನ್ನೇ ಹುಡುಕಿದೆ, ಅದೇ ಮನೆತನದ ಒಬ್ಬ ಸಿಕ್ಕಿಯೂ ಬಿಟ್ಟ, ಅವನ ಹಿಂದೆ ಎರಡು ತಿಂಗಳು ಕಳೆದೆ. ಆದರೆ ಆ ಕಾಲದ ಜರ್ಮನರಲ್ಲಿ ಎರಡು ಹೆಸರುಗಳಿದ್ದರೆ ಸಾಮಾನ್ಯವಾಗಿ ಕರೆಯುತ್ತಿದ್ದದ್ದು ಎರಡನೆಯದರಿಂದ. ಯೋಹಾನ್ ಅಥವಾ ಹನ್ಸ್ ಎಂಬುದು ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೆಲ್ಲ ಸಾಲಾಗಿ ಅಂಟಿಸುತ್ತಿದ್ದ ಮುಂಪದ ಮಾತ್ರ. ಹನ್ಸ್ ಹೈನ್‌ರಿಖ್ ಇಲ್ಲಿಗೆ ಬಂದರೆ ‘ಹೆನ್ರಿ’ ಆಗಬೇಕು, ‘ಜಾನ್’ ಆಗುವುದು ಒಂಟಿ ಹೆಸರಿನ ಹನ್ಸ್. ನಮ್ಮವನೋ ಜಮೀನಿನ ಪತ್ರದಲ್ಲೂ ಉಯಿಲಿನಲ್ಲೂ ‘ಜಾನ್’.

ಅನುಮಾನ ಬಂದ ಮೇಲೆ ಆ ಹನ್ಸ್ ಹೈನ್‌ರಿಖ್‌ನನ್ನು ಬಿಟ್ಟು, ಸಹಿಪಟ್ಟಿಯಲ್ಲಿ ನಮ್ಮವನ ಮೇಲೆ ಕೆಳಗೆ ಇದ್ದವರನ್ನು ಹಿಡಿದೆ. ಒಂದು ಊರಿನವರು ಜೊತೆಗೂಡಿ ರೈನ್ ನದಿಯಲ್ಲಿ ರಾಟರ್‌ಡ್ಯಾಮಿಗೆ ಇಳಿದು, ಒಂದೇ ಹಡಗು ಹತ್ತಿ, ಸಹಿಗೂ ಒಟ್ಟಿಗೇ ನಿಲ್ಲುವುದು ಆಗ ವಾಡಿಕೆಯಾಗಿತ್ತು. ಅವನ ಹಿಂದುಮುಂದಿನ ಮೂವರಲ್ಲಿ ಒಬ್ಬನ ಮನೆತನದ ಹೆಸರು ತೀರ ಅಪರೂಪದ್ದು. ಅದರ ಜಾಡು ಹಿಡಿದು ಹೋದರೆ ನೈರುತ್ಯ ಜರ್ಮನಿಯ ಕ್ರೈಖ್‌ಗೌ ಸೀಮೆಯ ಪುಟ್ಟ ಹಳ್ಳಿಯೊಂದರ ಚರ್ಚಿನ ಪುಸ್ತಕದಲ್ಲಿ ಮೂವರೂ ಸಿಕ್ಕರು, ನಾಲ್ಕನೆಯವನಾಗಿ ನಮ್ಮ ಹನ್ಸ್ ಕೂಡ. ಬರಿಯ ಹನ್ಸ್.

ಹಾಗಾದರೆ ಆ ಎಚ್ ಏನು? ಪಡಿಯಚ್ಚಿನ ಪುಟ ತೆರೆದು ಅವರ ಮುಂದಿಟ್ಟೆ. ಮೇಲಿನವನ ಸಹಿ ಅವನದೇ ಕೈಯದು, ಹಳೆಯ ಜರ್ಮನ್ ಮೋಡಿಯಲ್ಲಿದೆ. ಅದರ ಕೆಳಗಿನ ಸಾಲಿನಲ್ಲಿ ಗುಮಾಸ್ತನ ನುಣುಪಾದ ಇಂಗ್ಲಿಷ್ ಬರಹದಲ್ಲಿ ಹನ್ಸ್ ಎಂಬ ಹೆಸರು, ಸ್ವಲ್ಪ ಜಾಗ, ಆಮೇಲೆ ಮನೆತನದ ಹೆಸರು. ನಡುವಿನ ಜಾಗದಲ್ಲಿ ಎರಡು ಡೊಂಕು ಕಂಬ, ಅವುಗಳಿಗೊಂದು ಅಡ್ಡಗೆರೆ. ಅಡ್ಡಗೆರೆ ಒಂದು ಕಂಬವನ್ನು ದಾಟಿ ಹೊರಗೆ ಹೋಗಿದೆ. ಬರೆಯಲು ಬಾರದವನು ಲೇಖನಿ ಕೈಗಿತ್ತಾಗ ಹಾಕಿದ ಗುರುತು ಅದು, ಅವನಿಗೆ ಗೊತ್ತಿದ್ದ ಒಂದೇ ಅಕ್ಷರ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ತಮ್ಮ ಮೊಮ್ಮಗನಿಗೆ ಹೆನ್ರಿ ಎಂದು ಹೆಸರಿಟ್ಟದ್ದು ಇವನ ನೆನಪಿಗೇ ಎಂದು ಹೇಳಿ ನಕ್ಕರು.